ಪ್ರಯೋಗಕ್ಕೆ ಇಳಿಯುವ ಮುನ್ನ

ಮುಧೋಳ

ಚಿ. ಸವಿತಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಎಂ.ಎಸ್ಸಿ. ಪ್ರಬಂಧಕ್ಕೆ ಸೀಸದ ವಿಷ ಮತ್ತು ಇಲಿಗಳ ನೆನಪಿನ ವಿಷಯವನ್ನು ಆರಿಸಿಕೊಂಡಿರುವುದಾಗಿ ಬರೆದಿದ್ದೀ. ಓದಿ ಬಹಳ ಸಂತೋಷವಾಯಿತು. ಪಶುವೈದ್ಯನಾಗಿ ನಾನು ಈ ವಿಷವನ್ನು ಕಂಡದ್ದು ಪ್ರಯೋಗಾಲಯದಲ್ಲಲ್ಲ, ನಮ್ಮ ಸುತ್ತಲಿನ ಊರುಗಳ ಕೊಟ್ಟಿಗೆಗಳಲ್ಲಿ. ಟ್ರ್ಯಾಕ್ಟರಿನ ಒಡೆದ ಬ್ಯಾಟರಿಯನ್ನು ಹಿತ್ತಿಲಿಗೆ ಎಸೆದ ಮನೆಗಳಲ್ಲಿ ಕರುಗಳು ಅದರ ತಟ್ಟೆಗಳನ್ನು ನೆಕ್ಕಿ, ಹಲ್ಲು ಕಡಿಯುತ್ತ, ಕಣ್ಣು ಕಾಣದೆ, ಗೋಡೆಗೆ ಹಣೆಯೊತ್ತಿ ನಿಂತುಬಿಡುತ್ತಿದ್ದವು. ಅಂಥ ಕರುವಿಗೆ ತನ್ನ ಗೋದಲಿಯ ದಾರಿಯೂ ಸಿಗುತ್ತಿರಲಿಲ್ಲ. ಅದು ದಾರಿಯನ್ನು ಮರೆತಿತ್ತೋ, ಇಲ್ಲ ದಾರಿಯೇ ಕಾಣುತ್ತಿರಲಿಲ್ಲವೋ? ಈ ಪ್ರಶ್ನೆಯನ್ನು ನಿನ್ನ ಒಂದೊಂದು ಇಲಿಯ ಮುಂದೆಯೂ ಕೇಳಿಕೊಳ್ಳಬೇಕೆಂಬುದು ನನ್ನ ಮುಖ್ಯ ಮಾತು.

ಸೀಸ ನೆನಪನ್ನು ಕೆಡಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಸೀಸದ ಅಯಾನು ಕ್ಯಾಲ್ಸಿಯಂನಂತೆಯೇ ಎರಡು ಧನ ಆವೇಶ ಹೊತ್ತಿರುವುದರಿಂದ ಕ್ಯಾಲ್ಸಿಯಂಗೆಂದು ಇರುವ ದಾರಿಗಳಲ್ಲೇ ದೇಹದೊಳಗೆ ಸಾಗುತ್ತದೆ, ಮಿದುಳನ್ನು ಸೇರಿ, ನೆನಪು ಕಟ್ಟುವ ಭಾಗವಾದ ಹಿಪ್ಪೊಕ್ಯಾಂಪಸ್ಸಿನಲ್ಲಿ, ಕಲಿಕೆಗೆ ಬೇಕಾದ ಸಂಕೇತವನ್ನು ನರಕೋಶ ಪಡೆಯುವ ಎನ್‌ಎಂಡಿಎ ಗ್ರಾಹಕಗಳನ್ನು ತಡೆಯುತ್ತದೆ. ಪದೇ ಪದೇ ಪ್ರಚೋದಿಸಿದ ನರಸಂಪರ್ಕ ಬಲಗೊಂಡು ಬಹಳ ಹೊತ್ತು ಹಾಗೆಯೇ ಉಳಿಯುವುದನ್ನು ವಿಜ್ಞಾನಿಗಳಾದ ಬ್ಲಿಸ್ ಮತ್ತು ಲೋಮೊ 1973ರಲ್ಲಿ ಮೊಲದ ಮಿದುಳಿನಲ್ಲಿ ತೋರಿಸಿದ್ದರಲ್ಲ, ಸೀಸವುಂಡು ಬೆಳೆದ ಇಲಿಮರಿಗಳಲ್ಲಿ ಕುಗ್ಗುವುದು ಅದೇ ಗುಣ. ಎಳೆಯ ಮರಿಗೆ ಅಪಾಯ ಇನ್ನೂ ಹೆಚ್ಚು. ಅದರ ಕರುಳು ಬೆಳೆದ ಇಲಿಯ ಕರುಳಿಗಿಂತ ಹಲವು ಪಟ್ಟು ಸೀಸವನ್ನು ಹೀರುತ್ತದೆ, ತಾಯಿಯ ಮೂಳೆಯಲ್ಲಿ ಕೂತ ಸೀಸವೂ ಬಸಿರು ಬಾಣಂತನದಲ್ಲಿ ರಕ್ತಕ್ಕೆ ಇಳಿದು ಮರಿಯನ್ನು ಮುಟ್ಟುತ್ತದೆ. ಆದ್ದರಿಂದ ಎಷ್ಟು ಕೊಟ್ಟೆ ಎಂದು ಬರೆದರೆ ಸಾಲದು, ಮರಿ ಹುಟ್ಟಿದ ಎಷ್ಟನೆಯ ದಿನದಿಂದ ಎಷ್ಟನೆಯ ದಿನದವರೆಗೆ ಕೊಟ್ಟೆ ಎಂಬುದನ್ನೂ ಬರೆ.

ವಿಜ್ಞಾನಿ ರಿಚರ್ಡ್ ಮಾರಿಸ್ 1981ರಲ್ಲಿ ವಿವರಿಸಿದ ನೀರಿನ ಕೊಳವನ್ನೇ ನೀನು ಬಳಸುವವಳು; ಅದರಲ್ಲಿ ಈಜುವ ಇಲಿ, ನಿಲ್ಲಲು ಇಟ್ಟ ಕಟ್ಟೆಯ ಜಾಗವನ್ನು ನೆನಪಿಟ್ಟು ತಲುಪಬೇಕು. ನೀರಿನಡಿ ಅಡಗಿದ ಕಟ್ಟೆಯನ್ನು ಹುಡುಕಲು ಒಂದು ಇಲಿ ತಡಮಾಡಿದ ಮಾತ್ರಕ್ಕೆ ಅದು ಮರೆತಿದೆ ಎಂದು ಬರೆದುಬಿಡಬೇಡ. ಕಟ್ಟೆಯನ್ನು ನೀರಿನ ಮೇಲೆ ಕಾಣುವಂತೆ ಇಟ್ಟು, ಇಲಿಗೆ ಕಣ್ಣು ಕಾಣುತ್ತದೆಯೇ ಎಂಬುದನ್ನೂ ನೋಡು. ಈಜುವ ವೇಗವನ್ನೂ ಅಳೆ, ಏಕೆಂದರೆ ಬಳಲಿದ ಇಲಿಯೂ ತಡವಾಗಿಯೇ ತಲುಪುತ್ತದೆ. ಕೊನೆಗೆ ಕಟ್ಟೆಯನ್ನು ತೆಗೆದುಬಿಟ್ಟಾಗ ಇಲಿ ಹಳೆಯ ಜಾಗದಲ್ಲೇ ಸುತ್ತಾಡುತ್ತದೆಯೇ ಎಂಬ ಪರೀಕ್ಷೆಗೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಸಾಧ್ಯವಾದರೆ ಕಟ್ಟೆಯ ಜಾಗ ಬದಲಿಸಿ ಮತ್ತೊಮ್ಮೆ ಕಲಿಸಿ ನೋಡು. ಸೀಸವುಂಡ ಕೋತಿಗಳ ಮೇಲಿನ ಅಧ್ಯಯನಗಳಲ್ಲಿ, ಕಲಿತದ್ದನ್ನು ತಿರುವುಮುರುವು ಮಾಡಿದಾಗ ಅವು ಎಡವಿದ್ದು ಎದ್ದು ಕಂಡಿದೆ.

ಕುಡಿಯುವ ನೀರಿನಲ್ಲಿ ಕರಗಿಸಿ ಕೊಡುವ ಸೀಸದ ಲವಣ, ಅಂದರೆ ಸೀಸದ ಅಸಿಟೇಟ್, ಹೆಚ್ಚಾದರೆ ತಾಯಿಯ ಮೇವು ನೀರು ತಗ್ಗಿ ಮರಿಗಳು ಸೊರಗುತ್ತವೆ, ಹಸಿವಿನ ದೋಷ ಆಗ ಸೀಸದ ಲೆಕ್ಕಕ್ಕೆ ಸೇರಿಬಿಡುತ್ತದೆ. ಸೀಸ ಕೊಡದ ಹೋಲಿಕೆಯ ಗುಂಪಿಗೆ ಸೋಡಿಯಂ ಅಸಿಟೇಟ್ ಕೊಟ್ಟು, ಎರಡೂ ಗುಂಪುಗಳ ತೂಕವನ್ನು ತಪ್ಪದೆ ಬರೆದಿಡು. ಪಂಜರಗಳೂ ಒಂದೇ ಬಗೆಯವಾಗಿರಲಿ, ಏಕೆಂದರೆ ಆಟದ ವಸ್ತು ಮತ್ತು ಸಂಗಾತಿಗಳಿರುವ ಪಂಜರದಲ್ಲಿ ಸೀಸವುಂಡ ಇಲಿಗಳ ಕಲಿಕೆ ಸುಧಾರಿಸುತ್ತದೆ. ಒಂದೇ ಸೂಲಿನ ಎಂಟು ಮರಿಗಳನ್ನು ಎಂಟು ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಬೇಡ, ಒಂದೇ ತಾಯಿಯ ಮರಿಗಳು ಒಂದನ್ನೊಂದು ಹೋಲುತ್ತವೆ. ಎಣಿಕೆಯ ತಪ್ಪಿನಿಂದ ಅಷ್ಟು ಜೀವಗಳು ವ್ಯರ್ಥವಾಗುವುದನ್ನು ನಾನು ಸಹಿಸಲಾರೆ. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವವರೆಗೆ ಒಂದು ಇಲಿಯನ್ನೂ ಮುಟ್ಟಬೇಡ.

ಸೀಸದ ನೀರು ಬೆರೆಸುವಾಗ ಕೈಗವಸು ಹಾಕಿಕೋ, ಏಪ್ರನ್ನನ್ನು ಮನೆಗೆ ತರಬೇಡ. ಮನೆಯಲ್ಲಿ ಅಂಬೆಗಾಲಿಡುವ ನಿನ್ನ ಅಕ್ಕನ ಮಗುವಿದೆ. ಉಳಿದ ನೀರನ್ನೂ ಪಂಜರದ ಹೊಟ್ಟನ್ನೂ ಮೋರಿಗೆ ಸುರಿಯದೆ ಅಪಾಯಕಾರಿ ತ್ಯಾಜ್ಯದ ಡಬ್ಬಿಗೇ ಹಾಕು. ಮೊದಲ ವಾರದ ತೂಕದ ಪಟ್ಟಿ ಸಿದ್ಧವಾದೊಡನೆ ನನಗೊಂದು ಪ್ರತಿ ಕಳಿಸು.

ಇತಿ,
ನಿನ್ನ ದೊಡ್ಡಪ್ಪ