ಮಗಳಿಗೊಂದು ಪತ್ರ: ಕಳ್ಳರು, ಪಾದ್ರಿಗಳು, ದಾರಿಬುತ್ತಿ

ಪ್ರೀತಿಯ ಪುಟ್ಟಿ,

ಕೊಲೆ, ಮಾಟ, ಅಣುಯುದ್ಧದ ಕಾದಂಬರಿಗಳನ್ನು ಕಥೋಲಿಕರು ಓದಬಹುದೇ ಅಂತ ನಿನ್ನ ಹಾಸ್ಟೆಲಿನ ಗೆಳತಿ ಕೇಳಿದಳಂತೆ. ಓದಬಹುದು. 1559ರಲ್ಲಿ ಶುರುವಾದ ನಿಷಿದ್ಧ ಪುಸ್ತಕಗಳ ಪಟ್ಟಿಗಿದ್ದ ಕಾನೂನಿನ ಬಲವನ್ನು 1966ರಲ್ಲಿ ಕಥೋಲಿಕ ಧರ್ಮಸಭೆಯೇ ತೆಗೆದುಹಾಕಿತು. 2024ರ ಜುಲೈನಲ್ಲಿ ಪೋಪ್ ಫ್ರಾನ್ಸಿಸರು ಸಾಹಿತ್ಯದ ಓದಿನ ಬಗ್ಗೆಯೇ ಒಂದು ಪತ್ರ ಬರೆದರು. ಅವಳಿಗೆ ಇಷ್ಟು ಹೇಳು, ಸಾಕು. ಕಥೋಲಿಕ ಲೇಖಕರ ಇಂಥ ಕಥೆಗಳನ್ನು ಎಲ್ಲಿಂದ ಶುರು ಮಾಡಲಿ ಅಂತ ನೀನು ಕೇಳಿದ್ದೀಯಲ್ಲ, ಉದ್ದ ಉತ್ತರ ಬೇಕಿರುವುದು ಅದಕ್ಕೆ.

ಇಂಗ್ಲಿಷ್ ಲೇಖಕ ಚೆಸ್ಟರ್ಟನ್ನರ ಫಾದರ್ ಬ್ರೌನ್ ಕಥೆಗಳಿಂದ ಹಿಡಿ, ಅಪರಾಧ ಪತ್ತೆ ಮಾಡುವ ಪಾದ್ರಿಯ ಕಥೆಗಳು. 1911ರ ಮೊದಲ ಸಂಕಲನ ‘ದಿ ಇನ್ನೊಸೆನ್ಸ್ ಆಫ್ ಫಾದರ್ ಬ್ರೌನ್’ನಲ್ಲಿ 12 ಕಥೆಗಳಿವೆ. ಚೆಸ್ಟರ್ಟನ್ ತೀರಿಕೊಂಡದ್ದು 1936ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ, ಹಾಗಾಗಿ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಿಂದ ಪುಕ್ಕಟೆ ಇಳಿಸಿಕೋ. ಕಾಗದದ್ದೇ ಬೇಕೆಂದರೆ ಮುಖಪುಟದ ‘ಕಂಪ್ಲೀಟ್’ ಎಂಬ ಮಾತನ್ನು ನಂಬಬೇಡ. ಪರಿವಿಡಿ ತೆಗೆದು ಐದೂ ಸಂಕಲನಗಳಿವೆಯೇ ಎಂದು ಎಣಿಸು.

ಹನ್ನೆರಡನ್ನೂ ಒಂದೇ ಪಟ್ಟಿಗೆ ಮುಗಿಸಬೇಡ, ವಾರಕ್ಕೊಂದು ಸಾಕು. ಬಹುಪಾಲು ಕಥೆಗಳು ಒಂದೇ ಉಪಾಯದ ಮೇಲೆ ನಿಂತಿವೆ: ಎಲ್ಲರ ಕಣ್ಣೆದುರಿಗಿದ್ದೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ. ಸಾಲಾಗಿ ನಾಲ್ಕು ಓದಿದರೆ ಐದನೆಯದರ ಗುಟ್ಟು ಎರಡನೇ ಪುಟದಲ್ಲೇ ಹೊಳೆದು ರುಚಿ ಕೆಡುತ್ತದೆ.

ಮೊದಲನೆಯದು ‘ದಿ ಬ್ಲೂ ಕ್ರಾಸ್’. ಹೋಟೆಲಿನ ಸಕ್ಕರೆ ಬಟ್ಟಲಲ್ಲಿ ಉಪ್ಪು, ಗೋಡೆಗೆ ಎರಚಿದ ಸೂಪು, ಹಣ್ಣಿನಂಗಡಿಯಲ್ಲಿ ಅದಲುಬದಲಾದ ಬೆಲೆಚೀಟಿ, ಇನ್ನೊಂದು ಹೋಟೆಲಿನಲ್ಲಿ ಒಡೆದ ಕಿಟಕಿ. ಕಿಟಕಿ ಒಡೆದ ಕಡೆ ಪುಸ್ತಕ ಮುಚ್ಚಿ, ಚೀಟಿಯ ಮೇಲೆ ಎರಡು ಸಾಲು ಬರೆ: ಇದನ್ನೆಲ್ಲ ಮಾಡಿದ್ದು ಯಾರು, ಯಾಕೆ? ‘ಯಾರು’ ಎಂಬುದು ಅಷ್ಟು ಕಷ್ಟವಲ್ಲ. ‘ಯಾಕೆ’ಗೆ ಉತ್ತರ ಸಿಕ್ಕ ಮೇಲೆ ಮೊದಲ ಪುಟದಿಂದ ಇನ್ನೊಮ್ಮೆ ಓದು. ಇಲ್ಲಿ ಬೆರಳಚ್ಚು, ರೈಲಿನ ವೇಳಾಪಟ್ಟಿ ಯಾವುದೂ ನೆರವಿಗೆ ಬರುವುದಿಲ್ಲ. ಕಳ್ಳನ ವೇಷ ಬಯಲಾಗುವುದು ದೇವಶಾಸ್ತ್ರದ ಒಂದು ತಪ್ಪಿನಿಂದ. ಯಾವ ತಪ್ಪು ಅಂತ ನಾನು ಹೇಳುವುದಿಲ್ಲ.

‘ಕಥೋಲಿಕ ಕಾದಂಬರಿ’ ಅಂತ ಮಾರುವುದರಲ್ಲಿ ಜೊಳ್ಳು ಬಹಳ, ಅದನ್ನು ತೂರಲು ಇದೇ ಅಳತೆ. ಶಿಲುಬೆ, ಧೂಪ, ಮೇಣದಬತ್ತಿ ಎಲ್ಲ ತೆಗೆದ ಮೇಲೂ ಕಥೆ ಹಾಗೇ ನಡೆದರೆ ಅದು ಬರೀ ಅಲಂಕಾರ. ‘ಬ್ಲೂ ಕ್ರಾಸ್’ನಲ್ಲಿ ವಿಶ್ವಾಸವೆಂಬುದು ಬೀಗದೊಳಗಿನ ಸ್ಪ್ರಿಂಗು, ಅದನ್ನು ಕಿತ್ತರೆ ಬೀಗ ತೆರೆಯುವುದೇ ಇಲ್ಲ. ಆದರೂ ಚೆಸ್ಟರ್ಟನ್ ಕಥೋಲಿಕರಾದದ್ದು 1922ರಲ್ಲಿ, ಈ ಕಥೆ ಬಂದು ಹನ್ನೆರಡು ವರ್ಷದ ಮೇಲೆ!

ಇದರ ನಂತರ ಮೂರನೆಯದು, ಐದನೆಯದು, ಒಂಬತ್ತನೆಯದು ಓದು. ಏಳನೆಯ ‘ದಿ ರಾಂಗ್ ಶೇಪ್’ನಲ್ಲಿ ಒಬ್ಬ ಭಾರತೀಯ ಬರುತ್ತಾನೆ. ಆ ಕಾಲದ ಇಂಗ್ಲಿಷರಿಗೆ ಪೂರ್ವದೇಶವೆಂದರೆ ಇದ್ದ ಪುಕ್ಕಲು, ಅಸಡ್ಡೆ ಎರಡೂ ಅದರಲ್ಲಿ ಇವೆ. ಓದು, ಆದರೆ ಅದನ್ನು ಸಮರ್ಥಿಸುವ ಗೋಜಿಗೆ ಹೋಗಬೇಡ.

ಸುಳಿವು ಹಿಡಿಯುವ ಅಭ್ಯಾಸಕ್ಕೆ ರೊನಾಲ್ಡ್ ನಾಕ್ಸ್ ಬೇಕು. ಅವರು ಕಥೋಲಿಕ ಗುರುಗಳು, ಬೈಬಲ್ ಅನುವಾದಿಸಿದವರು, ಜೊತೆಗೆ ಆರು ಪತ್ತೇದಾರಿ ಕಾದಂಬರಿ ಬರೆದವರು. ಪತ್ತೇದಾರಿ ಕಥೆಗೆ ಅವರು 1929ರಲ್ಲಿ ಹತ್ತು ಕಟ್ಟಳೆ ಹಾಕಿದರು. ನಿನಗೆ ಮುಖ್ಯವಾದವು ಮೂರು: ಅಪರಾಧಿಯ ಪ್ರಸ್ತಾಪ ಕಥೆಯ ಆರಂಭದ ಭಾಗದಲ್ಲೇ ಬಂದಿರಬೇಕು, ದೆವ್ವ-ಪವಾಡಗಳಿಂದ ಗುಟ್ಟು ಬಿಡಿಸಬಾರದು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು. ಪವಾಡವನ್ನು ನಂಬುವ ಪಾದ್ರಿಯೇ ಕಥೆಯೊಳಗೆ ಪವಾಡ ಬೇಡವೆಂದದ್ದು ಗಮನಿಸು. ಪೆನ್ಸಿಲ್ ಇಟ್ಟುಕೊಂಡು ಅನುಮಾನ ಬಂದ ಪುಟದ ಅಂಚಿನಲ್ಲಿ ಚುಕ್ಕೆ ಹಾಕು. ಗುಟ್ಟು ಬಯಲಾದಾಗ ಪತ್ತೇದಾರ ಹೆಸರಿಸುವ ಸುಳಿವುಗಳಲ್ಲಿ ಎಷ್ಟಕ್ಕೆ ನಿನ್ನ ಚುಕ್ಕೆ ಇದೆ ನೋಡು. ಯಾವ ಪುಟದಲ್ಲೂ ಇಲ್ಲದ ಸುಳಿವು ಕೊನೆಯಲ್ಲಿ ಉದುರಿದರೆ ಮೋಸ ನಿನ್ನದಲ್ಲ, ಲೇಖಕರದು.

ಪಾದ್ರಿಗಳು ಬರುವ ಥ್ರಿಲ್ಲರುಗಳು ಹೆಚ್ಚಾಗಿ ಎಡವುವುದು ಪಾಪನಿವೇದನೆಯಲ್ಲಿ (ಕನ್ಫೆಷನ್). ಧರ್ಮಸಭೆಯ ಕಾನೂನಿನ 983ನೇ ವಿಧಿಯ ಪ್ರಕಾರ ಕೇಳಿದ್ದನ್ನು ಗುರುಗಳು ಮಾತಿನಲ್ಲಾಗಲಿ, ಬೇರೆ ಯಾವ ರೀತಿಯಲ್ಲಾಗಲಿ, ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ನೇರವಾಗಿ ಹೊರಗೆಡಹಿದರೆ ತಾನೇ ತಾನಾಗಿ ಬಹಿಷ್ಕಾರ. ಇಷ್ಟು ಎಲ್ಲ ಲೇಖಕರಿಗೂ ಗೊತ್ತು. ತಪ್ಪುವುದು 984ರಲ್ಲಿ: ಗುಟ್ಟು ಹೊರಬೀಳುವ ಅಪಾಯವೇ ಇಲ್ಲದಿದ್ದರೂ ನಿವೇದನೆ ಮಾಡಿದವರಿಗೆ ತೊಂದರೆಯಾಗುವಂತೆ ಆ ತಿಳಿವನ್ನು ಬಳಸುವಂತಿಲ್ಲ. ಬಾಯಿ ಬಿಡದೆ, ನಿವೇದನೆಯಲ್ಲಿ ಕೇಳಿದ್ದನ್ನೇ ಜಾಡು ಮಾಡಿಕೊಂಡು ಕೊಲೆಗಾರನನ್ನು ಹಿಡಿದುಕೊಡುವ ಜಾಣ ಪಾದ್ರಿ ಇಲ್ಲೇ ಸಿಕ್ಕಿಬೀಳುತ್ತಾನೆ. ಫಾದರ್ ಬ್ರೌನ್ ಬಳಸುವುದು ಒಬ್ಬರ ಗುಟ್ಟನ್ನಲ್ಲ. ವರ್ಷಗಟ್ಟಲೆ ಜನರ ಪಾಪ ಕೇಳಿ ಬಂದ ಮನುಷ್ಯಜ್ಞಾನವನ್ನು. ದೆವ್ವ ಬಿಡಿಸುವ ಕಾದಂಬರಿಗಳಿಗೂ ಒಂದು ವಿಧಿ ಇದೆ, 1172: ಧರ್ಮಾಧ್ಯಕ್ಷರ (ಬಿಷಪ್) ಸ್ಪಷ್ಟ ಅನುಮತಿ ಬೇಕು. ತೀರ್ಥದ ಬಾಟಲಿ ಹಿಡಿದು ರಾತ್ರೋರಾತ್ರಿ ಓಡುವ ಪಾದ್ರಿಗೆ ಅಲ್ಲೇ ಒಂದು ಅಂಕ ಕಳೆ.

ಈಗ ಟೋಲ್ಕಿನ್, ಕೇಡಿನ ಉಂಗುರವೊಂದನ್ನು ನಾಶ ಮಾಡಲು ಹೊರಟವರ ಕಥೆ ಬರೆದವರು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅರ್ಧಕ್ಕೆ ಬಿಡುವವರಲ್ಲಿ ಹಲವರು ಬಿಡುವುದು ಪೀಠಿಕೆಯಲ್ಲಿ (ಪ್ರೊಲಾಗ್). ಹಾಬಿಟ್ಟರೆಂಬ ಕುಳ್ಳರ ಹೊಗೆಸೊಪ್ಪಿನ ಚರಿತ್ರೆಯೆಲ್ಲ ಅಲ್ಲಿದೆ. ಅದನ್ನು ಹಾರಿಸಿ ಮೊದಲ ಅಧ್ಯಾಯಕ್ಕೆ ಹೋಗು, ಎಲ್ಲ ಮುಗಿದ ಮೇಲೆ ಓದಿದರೆ ಸವಿ. ಎರಡನೇ ಏರು ಆರರಿಂದ ಎಂಟನೇ ಅಧ್ಯಾಯ: ಹಳೇ ಕಾಡು, ಹಾಡುತ್ತಾ ತಿರುಗುವ ಬಾಂಬಡಿಲ್. ಅಲ್ಲಿ ಕಥೆ ಮುಂದೆ ಹೋಗದು, ತಾಳ್ಮೆ ಬೇಕು.

1953ರ ಡಿಸೆಂಬರ್ 2ರಂದು ಯೇಸುಸಭೆಯ (ಜೆಸುಯಿಟ್) ರಾಬರ್ಟ್ ಮರ್ರೆಯವರಿಗೆ ಬರೆದ ಪತ್ರದಲ್ಲಿ ಟೋಲ್ಕಿನ್ ಇದು ಮೂಲತಃ ಕಥೋಲಿಕ ಕೃತಿ ಅನ್ನುತ್ತಾರೆ. ಆದರೆ ಒಳಗೆ ಚರ್ಚಿಲ್ಲ, ಬಲಿಪೂಜೆಯಿಲ್ಲ. ಹಾಗೆಂದು ಮಾಂತ್ರಿಕ ಗ್ಯಾಂಡಾಲ್ಫ್ ಅಂದರೆ ಯೇಸುಸ್ವಾಮಿ, ಉಂಗುರ ಅಂದರೆ ಪಾಪ ಎಂದು ಸಮೀಕರಣ ಬರೆಯಲು ಹೊರಡಬೇಡ. ಅಂಥ ರೂಪಕಕಥೆ ಅವರಿಗೆ ಆಗದು ಎಂದು ಎರಡನೇ ಆವೃತ್ತಿಯ ಮುನ್ನುಡಿಯಲ್ಲೇ ಹೇಳಿಕೊಂಡಿದ್ದಾರೆ. ಸಣ್ಣ ಸಂಗತಿ ನೋಡು. ಎಲ್ವ್‌ಗಳೆಂಬ ಅಮರರು ಪ್ರಯಾಣಕ್ಕೆ ಕಟ್ಟಿಕೊಡುವ ‘ಲೆಂಬಾಸ್’ ರೊಟ್ಟಿ ಬೇರೆ ತಿಂಡಿಯ ಜೊತೆ ಬೆರೆಸದೆ ಅದೊಂದನ್ನೇ ನಂಬಿದಷ್ಟೂ ಬಲ ಕೊಡುತ್ತದೆ. ಹೊಟ್ಟೆ ತುಂಬಿಸುವುದಿಲ್ಲ, ಮನಸ್ಸನ್ನು ಗಟ್ಟಿ ಮಾಡುತ್ತದೆ. ಸಾಯುವವರಿಗೆ ಕೊಡುವ ಕೊನೆಯ ಪರಮಪ್ರಸಾದಕ್ಕೆ (ಬಲಿಪೂಜೆಯ ರೊಟ್ಟಿಗೆ) ಲ್ಯಾಟಿನಿನಲ್ಲಿ ವಿಯಾಟಿಕುಮ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ದಾರಿಬುತ್ತಿ.

ತಾರೀಖನ್ನೂ ನೋಡು. ಒಂಬತ್ತು ಜನರ ತಂಡ ರಿವೆಂಡೆಲ್‌ನಿಂದ ಹೊರಡುವುದು ಡಿಸೆಂಬರ್ 25ಕ್ಕೆ, ಉಂಗುರದ ಕಥೆ ಮುಗಿಯುವುದು ಮಾರ್ಚ್ 25ಕ್ಕೆ, ಅಂದರೆ ಯೇಸುವಿನ ಜನನದ ಸುದ್ದಿಯನ್ನು ದೇವದೂತ ಮರಿಯಮ್ಮನಿಗೆ ತಿಳಿಸಿದ ಮಂಗಳವಾರ್ತೆಯ ಹಬ್ಬದ ದಿನ. ಒಟ್ಟು 62 ಅಧ್ಯಾಯ, ಉಂಗುರದ ತೀರ್ಮಾನ 56ನೆಯದರಲ್ಲಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬ ಕಳೆದು ಎರಡು ಮೂರು ದಿನಕ್ಕೆ ಶುರು ಮಾಡಿ ವಾರಕ್ಕೆರಡು ಅಧ್ಯಾಯ ಓದಿದರೆ ಆ ಅಧ್ಯಾಯ ಸರಿಯಾಗಿ ಮಾರ್ಚ್ 25ರ ಆಸುಪಾಸಿಗೆ ಬರುತ್ತದೆ.

ವಾಲ್ಟರ್ ಮಿಲ್ಲರ್‌ನ ‘ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಜ್’ ಅದಾದ ಮೇಲೆ. 1944ರಲ್ಲಿ ಇಟಲಿಯ ಮೊಂತೆ ಕಸ್ಸಿನೊ ಮಠದ ಮೇಲೆ ಬಾಂಬು ಹಾಕಿದ ವಿಮಾನಗಳಲ್ಲಿದ್ದವನು ಈತ, ಯುದ್ಧ ಮುಗಿದ ಮೇಲೆ ಕಥೋಲಿಕನಾದ. ಅಣುಯುದ್ಧದಲ್ಲಿ ಲೋಕ ಸುಟ್ಟುಹೋದ ಮೇಲೆ, ತಮಗೇ ಅರ್ಥವಾಗದ ವಿಜ್ಞಾನದ ಕಾಗದಗಳನ್ನು ಸನ್ಯಾಸಿಗಳು ನಕಲು ಮಾಡುತ್ತಾ ಕಾಪಾಡುವ ಕಥೆ. ಮೂರು ಭಾಗಗಳ ಲ್ಯಾಟಿನ್ ಹೆಸರುಗಳ ಅರ್ಥ ಹೀಗೆ: ಮನುಷ್ಯನಾಗಲಿ, ಬೆಳಕಾಗಲಿ, ನಿಮ್ಮ ಚಿತ್ತ ನೆರವೇರಲಿ. ಒಂದು ಭಾಗಕ್ಕೂ ಇನ್ನೊಂದಕ್ಕೂ ಶತಮಾನಗಳ ಅಂತರ, ಪಾತ್ರಗಳೂ ಬದಲಾಗುತ್ತವೆ. ಇದು ಗೊತ್ತಿಲ್ಲದವರು ಎರಡನೇ ಭಾಗದ ಬಾಗಿಲಲ್ಲೇ ದಾರಿ ತಪ್ಪುತ್ತಾರೆ. ನಡುವೆ ಬರುವ ಲ್ಯಾಟಿನ್ ಸಾಲುಗಳಿಗೆ ನಿಲ್ಲಬೇಡ. ಮೂರನೇ ಭಾಗದಲ್ಲಿ ವಿಕಿರಣಕ್ಕೆ ಸಿಕ್ಕವರ ದಯಾಮರಣದ ಬಗ್ಗೆ ಮಠಾಧಿಪತಿಗೂ ವೈದ್ಯನಿಗೂ ನಡೆಯುವ ವಾದ ಬಹಳ ಭಾರ. ಪರೀಕ್ಷೆ ಹತ್ತಿರವಿದ್ದರೆ ಮುಂದಕ್ಕೆ ಹಾಕು.

ಜೀನ್ ವುಲ್ಫ್ ಈಗಲೇ ಬೇಡ. ‘ದಿ ಬುಕ್ ಆಫ್ ದಿ ನ್ಯೂ ಸನ್’ ನಾಲ್ಕು ಸಂಪುಟ, ಹೇಳುವವನು ತನಗೆ ಯಾವುದೂ ಮರೆಯುವುದಿಲ್ಲ ಅನ್ನುತ್ತಾನೆ. ನಂಬಬೇಡ.

ಈ ಶನಿವಾರ ‘ಬ್ಲೂ ಕ್ರಾಸ್’ ಓದು. ಕಿಟಕಿ ಒಡೆದಲ್ಲಿ ನಿಲ್ಲಿಸಿ ಬರೆದ ಚೀಟಿಯ ಫೋಟೋ ಕಳಿಸು, ಮುಂದಿನ ಪುಟ ಆಮೇಲೆ.

ಅಮ್ಮ