ಐದನೇ ತಟ್ಟೆ: ಮಗಳಿಗೊಂದು ಪತ್ರ

ಚಿನ್ನು,

ನೀನು ಮೈಸೂರಿಗೆ ಹೋಗಿ ಹನ್ನೊಂದು ದಿನ ಆಯಿತು. ಫೋನಿನಲ್ಲೇ ಹೇಳೋಣ ಅಂದುಕೊಂಡರೆ ಅಭಿ ಕೈಯಿಂದ ಕಿತ್ತುಕೊಳ್ಳುತ್ತಾನೆ, ಸಿಂಚನಾ ಹಿಂದಿನಿಂದ "ಅಕ್ಕಾ, ನನ್ನ ಸ್ಕೆಚ್ ಪೆನ್ ಎಲ್ಲಿಟ್ಟಿದ್ದೀಯ" ಅಂತ ಕೂಗುತ್ತಾಳೆ, ನಾನು ಹೇಳಬೇಕಾದ್ದು ಬಾಯಲ್ಲೇ ಉಳಿಯುತ್ತದೆ. ಅದಕ್ಕೇ ಬರೆದು ಚಿಕ್ಕಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಜ್ಜಿಗೂ ಓದಿ ಹೇಳು, ಅವರ ವಿಷಯವೂ ಇದರಲ್ಲಿದೆ.

ಮೊನ್ನೆ ಬೀರು ಒರೆಸುವಾಗ ನಿನ್ನ ಗಣಿತದ ನೋಟ್‌ಬುಕ್ ಸಿಕ್ಕಿತು. ವರ್ಗ ಸಮೀಕರಣದ ಮೂರನೇ ಲೆಕ್ಕದಲ್ಲಿ ನಿಂತುಬಿಟ್ಟಿದೆ. ತಾರೀಖು ನವೆಂಬರ್ 18. ಅದರ ಮುಂದೆ ಎಲ್ಲ ನಿನ್ನದೇ ಅಕ್ಷರ, ಆದರೆ ನಿನ್ನ ಪಾಠ ಅಲ್ಲ. ಪುಟ್ಟನಿಗೆ ತಿದ್ದಲು ಕಾಗುಣಿತ, ಸಿಂಚನಾಗೆ ಭಾಗಾಕಾರ, ಕಾರ್ತಿಗೆ ಭಿನ್ನರಾಶಿ, ಒಂದು ಪುಟದಲ್ಲಿ ಅಭಿ ಬಣ್ಣ ಹಚ್ಚಲಿ ಅಂತ ಬರೆದ ಆನೆ. ಎಣಿಸಿದೆ, 46 ಪುಟ. ಕೆಳಗೆ ಕೂತು ಎಣಿಸಿದೆ. ಒರೆಸುವ ಬಟ್ಟೆ ಕೈಯಲ್ಲೇ ಇತ್ತು.

ನಾನು ನಿನಗೆ ಯಾವತ್ತೂ "ನೀನು ಪಾಠ ಹೇಳಿಕೊಡು" ಅಂತ ಹೇಳಿರಲಿಲ್ಲ, ಅಲ್ವಾ? ಹಾಗಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಕುಕ್ಕರ್ ಕೂಗುವಾಗ, ಟ್ಯಾಂಕರ್‌ನವನು ಬಂದಾಗ, ಅಭಿ ಬಿದ್ದು ಅಳುವಾಗ ನನ್ನ ಬಾಯಲ್ಲಿ ಬಂದದ್ದು ಒಂದೇ ಮಾತು, "ಅಕ್ಕನ್ನ ಕೇಳು". ದಿನಕ್ಕೆ ಹತ್ತು ಸಲ ಹೇಳಿದರೆ ಅದೇ ಟೈಮ್‌ಟೇಬಲ್ ಆಗಿಹೋಗುತ್ತದೆ.

ಹೋದ ಜೂನಿನ ಚಾರ್ಟ್ ನೆನಪಿದೆಯಾ? ಗಾಂಧಿಬಜಾರಿನಿಂದ ತಂದು, ಐದು ಮಕ್ಕಳಿಗೆ ಐದು ಸಾಲು, ಒಂದೊಂದಕ್ಕೆ ಏಳು ವಿಷಯ, ನಲವತ್ತು ನಿಮಿಷದ ಪೀರಿಯಡ್, ಬೇರೆ ಬೇರೆ ಬಣ್ಣ, ಮೇಲೆ ಲ್ಯಾಮಿನೇಷನ್ ಬೇರೆ. ಮೂವತ್ತೈದು ಚೌಕ. ಒಂಬತ್ತು ದಿನ ನಡೆಯಿತು. ಶಾಲೆಯ ಗಂಟೆಯನ್ನೇ ಮನೆಗೆ ತಂದು ನೇತುಹಾಕಿದೆ ನಾನು. 2020ರಲ್ಲಿ ಶಾಲೆ ಮುಚ್ಚಿದಾಗ ಎರಡು ಫೋನು, ಕಿತ್ತಾಡುವ ಮಕ್ಕಳು, ಆ ಆನ್‌ಲೈನ್ ಕ್ಲಾಸಿನ ಗಲಾಟೆ ಸಾಕಾಗಿ ತಾನೇ ನಾವು ಮನೆಯಲ್ಲೇ ಕಲಿಯೋಣ ಅಂದದ್ದು? ಮತ್ತೆ ಅದನ್ನೇ ಚಾರ್ಟ್ ಮೇಲೆ ಬರೆದೆ ನೋಡು. (ಮದುವೆ ಮನೆಗಳಲ್ಲಿ "ಶಾಲೆಗೆ ಕಳಿಸದಿದ್ದರೆ ಕಾನೂನು ಸುಮ್ಮನಿರುತ್ತಾ" ಅಂತ ಕೇಳುವವರಿಗೆ ನನ್ನದು ಒಂದೇ ಉತ್ತರ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತವಾಗಿ ಕಲಿಸುವ ಹೊಣೆಯನ್ನು ಸರ್ಕಾರದ ಮೇಲೆ ಹಾಕುತ್ತದೆ, ಮನೆಯಲ್ಲಿ ಕಲಿಸುವವರ ಬಗ್ಗೆ ನೇರವಾಗಿ ಏನೂ ಹೇಳುವುದಿಲ್ಲ. ಅಷ್ಟು ಹೇಳಿ ಹೋಳಿಗೆ ಕಡೆ ಕೈ ಚಾಚುತ್ತೇನೆ.)

ಈ ಸಲ ನಾನು ಚಾರ್ಟ್ ಬರೆಯುವ ಮುಂಚೆ ಅಜ್ಜಿಗೆ ಫೋನ್ ಮಾಡಿದೆ. ಅವರು ಎಚ್.ಡಿ. ಕೋಟೆ ಕಡೆ ನಲಿ-ಕಲಿ ಮೇಷ್ಟ್ರಮ್ಮ ಆಗಿದ್ದವರು ಅಲ್ವಾ. 1995ರ ಸುಮಾರಿಗೆ ಅದು ಶುರುವಾದದ್ದೇ ಆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹೋಯಿತು. ಒಂದೇ ಕೋಣೆ, ಒಬ್ಬರೇ ಟೀಚರ್, ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೆ. ನಮ್ಮ ಮನೆಯ ಹಾಲ್ ಇದಕ್ಕಿಂತ ಬೇರೆನಾ?

ಅಲ್ಲಿ ಮಕ್ಕಳು ಕ್ಲಾಸಿನ ಪ್ರಕಾರ ಕೂರುವುದಿಲ್ಲ. ಐದು ಗುಂಪು ಮಾಡುತ್ತಾರೆ, ಒಂದೊಂದು ಗುಂಪಿಗೆ ತಟ್ಟೆ ಅನ್ನುತ್ತಾರೆ. ಹೊಸ ಪಾಠ ಕಲಿಯುವವರು ಮೊದಲನೇ ತಟ್ಟೆ, ಅವರಿಗೆ ಟೀಚರ ಪೂರ್ತಿ ಸಹಾಯ. ಎರಡನೆಯದಕ್ಕೆ ಅರೆಬರೆ ಸಹಾಯ. ಮೂರು, ನಾಲ್ಕು ಜೊತೆಯ ಮಕ್ಕಳಿಂದ ಕಲಿಯುವವರದು. ಐದನೆಯದು ಸ್ವಕಲಿಕೆ. ಪಾಠಗಳನ್ನು ಮೆಟ್ಟಿಲಿನ ಥರ ಜೋಡಿಸಿದ ಪಟ್ಟಿಯೇ ಕಲಿಕೆಯ ಏಣಿ. ಮಗು ಅದರಲ್ಲಿ ತನ್ನ ಮೆಟ್ಟಿಲು ನೋಡಿಕೊಂಡು, ಆ ಮೆಟ್ಟಿಲಿನ ಕಾರ್ಡ್ ತಗೊಂಡು, ಅದಕ್ಕೆ ಹೇಳಿದ ತಟ್ಟೆಯಲ್ಲಿ ಹೋಗಿ ಕೂರುತ್ತದೆ. ಹದಿನೈದು ದಿನ ಜ್ವರ ಬಂದು ಮಲಗಿದ್ದ ಮಗು ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ. "ಪಾಠ ಮಿಸ್ ಆಯಿತು" ಅನ್ನುವ ಮಾತೇ ಇಲ್ಲ. ನಮ್ಮಂಥ ಮನೆಗೆ, ಹದಿನೈದರಿಂದ ಮೂರು ವರ್ಷದ ತನಕ ಐದು ಮಕ್ಕಳಿರುವ ಕಡೆ, ಇದಕ್ಕಿಂತ ಚೆನ್ನಾಗಿ ಯಾರೂ ಯೋಚಿಸಿಲ್ಲ ಅಂತ ನನಗನ್ನಿಸಿತು.

ಆಮೇಲೆ ಅಜ್ಜಿ ಒಂದು ಪ್ರಶ್ನೆ ಕೇಳಿದರು. "ಚಿನ್ನು ಯಾವ ತಟ್ಟೇಲಿ ಕೂರ್ತಾಳೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನೀನು ಎಲ್ಲರ ಮೂರನೇ ತಟ್ಟೆ, ಎಲ್ಲರ ನಾಲ್ಕನೇ ತಟ್ಟೆ. ನಿನ್ನದು ಅಂತ ಒಂದೂ ಇಲ್ಲ.

ಹಾಗಾಗಿ ಈ ವರ್ಷದ ಪ್ಲಾನ್ ನಿನ್ನಿಂದ ಶುರು. ಮೊದಲು ನಿನ್ನ ಹೊತ್ತು ತೆಗೆದಿಟ್ಟು, ಉಳಿದದ್ದನ್ನು ಅದರ ಸುತ್ತ ಜೋಡಿಸಿದ್ದೇನೆ.

ಎನ್‌ಐಒಎಸ್‌ನಲ್ಲಿ, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ, ನಿನ್ನ ಹತ್ತನೇ ತರಗತಿಗೆ ಐದು ವಿಷಯ. ಎಲ್ಲವನ್ನೂ ಒಂದೇ ಸಲ ಬರೆಯಬೇಕು ಅಂತ ಇಲ್ಲ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇಗೆ ಒಮ್ಮೆ, ಅಕ್ಟೋಬರ್-ನವೆಂಬರಿಗೆ ಒಮ್ಮೆ. ಒಮ್ಮೆ ಸೇರಿದರೆ ಐದು ವರ್ಷ, ಒಂಬತ್ತು ಅವಕಾಶ. ಜನವರಿಯಲ್ಲಿ ಸೇರಿಸಿದ್ದರಿಂದ ಈ ಅಕ್ಟೋಬರಿಗೆ ಕನ್ನಡ ಮತ್ತು ಚಿತ್ರಕಲೆ ಬರೆದು ಮುಗಿಸು, ಏಪ್ರಿಲ್‌ಗೆ ಗಣಿತ, ವಿಜ್ಞಾನ, ಇಂಗ್ಲಿಷ್. ಬೇರೆ ಥರ ಬೇಕಿದ್ದರೆ ಹೇಳು, ಪರೀಕ್ಷೆ ನಿನ್ನದು. ಆದರೆ ಟಿಎಂಎ, ಅಂದರೆ ಮನೆಯಲ್ಲೇ ಬರೆದು ಕಳಿಸುವ ಅಸೈನ್‌ಮೆಂಟ್, ಬರೆಯುವುದನ್ನು ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡ, ಅದಕ್ಕೂ 20 ಪರ್ಸೆಂಟ್ ಅಂಕ ಇದೆ. ಈ ಒಂದು ವಿಷಯದಲ್ಲಿ ನಾನು ಪೀಡಿಸುತ್ತಲೇ ಇರುತ್ತೇನೆ.

ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆ ಮೇಲಿನ ರೂಮು ನಿನ್ನದು. ಬುಧವಾರ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, ಆ ಕೆಂಪು ಕಟ್ಟಡ. ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸಿಕೋ. ಒಬ್ಬಳೇ ಹೋಗು. ತಾತ "ಜೊತೆಗೆ ಬರ್ತೀನಿ" ಅನ್ನುತ್ತಾರೆ, ಮೊದಲ ಸಲ ಬೇಕಿದ್ದರೆ ಕರೆದುಕೊಂಡು ಹೋಗು, ಆಮೇಲೆ ಬೇಡ.

ಇನ್ನು ಉಳಿದ ನಾಲ್ವರು. ಕೇಳಿ ನಗಬೇಡ, ನಾನು ಅಭಿಯಿಂದ ಶುರು ಮಾಡುತ್ತೇನೆ. ಇಷ್ಟು ವರ್ಷ ಮಾಡಿದ ತಪ್ಪು ಅದೇ, ಚಿಕ್ಕವನನ್ನು ಸುಮ್ಮನಿರಿಸಿ ದೊಡ್ಡವರಿಗೆ ಪಾಠ ಹೇಳುವುದು. ಅವನು ಸುಮ್ಮನಿರುವುದಿಲ್ಲ. ತಿಂಡಿ ಆದ ಮೇಲೆ ಮೊದಲ ಇಪ್ಪತ್ತು ನಿಮಿಷ ಪೂರ್ತಿ ಅವನದು. ಕಥೆ, ತೊಡೆ ಮೇಲೆ ಕೂರಿಸಿಕೊಂಡು. ಅಷ್ಟು ಸಿಕ್ಕರೆ ಆಮೇಲೆ ತಟ್ಟೆಯಲ್ಲಿ ರವೆ ಹಾಕಿಕೊಟ್ಟರೂ, ಬಚ್ಚಲಿನಲ್ಲಿ ಚೊಂಬು-ನೀರು ಕೊಟ್ಟರೂ ಮುಕ್ಕಾಲು ಗಂಟೆ ಆಡಿಕೊಳ್ಳುತ್ತಾನೆ. ನೀನಿಲ್ಲದ ಈ ಹನ್ನೊಂದು ದಿನ ಪರೀಕ್ಷೆ ಮಾಡಿ ನೋಡಿದ್ದೇನೆ, ಎಂಟು ದಿನ ನಡೆಯಿತು. ಉಳಿದ ಮೂರು ದಿನದ ಬಗ್ಗೆ ಕೇಳಬೇಡ. ಚನ್ನಪಟ್ಟಣದ ಬೊಂಬೆಗಳನ್ನೂ ಡಬ್ಬದಲ್ಲಿ ಮೇಲಿಟ್ಟಿದ್ದೇನೆ, ಪಾಠದ ಹೊತ್ತಿಗೆ ಮಾತ್ರ ಇಳಿಸುವುದು.

ಆಮೇಲೆ ಪುಟ್ಟ. ಓದು, ಲೆಕ್ಕ, ಎರಡೇ. ಅವನಿಗೆ ಕೂಡುವುದು ಕಳೆಯುವುದು ಅಳಗುಳಿ ಮಣೆಯಲ್ಲಿ ಹುಣಸೆಬೀಜ ಹಾಕಿಕೊಂಡು ಬಂದಷ್ಟು ಪುಸ್ತಕದಲ್ಲಿ ಬರುತ್ತಿಲ್ಲ. ಬಂದ ಕಡೆಯಿಂದಲೇ ಬರಲಿ. ಸಿಂಚನಾ, ಕಾರ್ತಿ ಇಬ್ಬರಿಗೂ ಗಣಿತ ಮತ್ತು ಭಾಷೆ ಮಾತ್ರ ಬೇರೆ ಬೇರೆ, ಅವರವರ ಏಣಿಯಲ್ಲಿ. ಉಳಿದದ್ದೆಲ್ಲ ನಾಲ್ವರಿಗೂ ಒಟ್ಟಿಗೆ.

ಒಟ್ಟಿಗೆ ಅಂದರೆ ಹೇಗೆ ಅಂತ ನೀನು ಕೇಳುತ್ತೀಯ, ಗೊತ್ತು. ಬೇಗೂರಿನ ಕಲ್ಲನ್ನೇ ತಗೋ. ಜುಲೈನಲ್ಲಿ ಎಲ್ಲರೂ ನಾಗೇಶ್ವರ ದೇವಸ್ಥಾನಕ್ಕೆ ಹೋಗೋದು. ಸುಮಾರು 890ರ ವೀರಗಲ್ಲು, ಅದರಲ್ಲಿ "ಬೆಂಗಳೂರು ಕಾಳಗ" ಅಂತ ಬರುತ್ತದೆ. ಪುಟ್ಟನಿಗೆ ಬೆಂದಕಾಳೂರಿನ ಕಥೆ ಸಾಕು, ಹಸಿದ ರಾಜ, ಮುದುಕಿ ಕೊಟ್ಟ ಬೆಂದ ಕಾಳು. ಸಿಂಚನಾ ವೀರಗಲ್ಲಿನ ಚಿತ್ರ ಬರೆಯಲಿ. ಕಾರ್ತಿಗೆ ಮಾತ್ರ ಇನ್ನೊಂದು ಕೆಲಸ. ಕಥೆಯಲ್ಲಿ ಬರುವ ರಾಜ ಹೊಯ್ಸಳರ ವೀರಬಲ್ಲಾಳ, ಅವನು ಆಳಲು ಶುರು ಮಾಡಿದ್ದು 1173ರಲ್ಲಿ. ಕಲ್ಲು ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಳೆಯದು. ಹಾಗಿದ್ದರೆ ಹೆಸರು ಕೊಟ್ಟವರು ಯಾರು? ಕೆಂಪೇಗೌಡರು ಕೋಟೆ ಕಟ್ಟಿಸಿದ 1537 ಎಲ್ಲಿ ಬರುತ್ತದೆ? ನಾನು ಉತ್ತರ ಹೇಳಲ್ಲ, ಅವನೇ ಹಗ್ಗ ಕಟ್ಟಿ ಇಸವಿಗಳನ್ನು ನೇತುಹಾಕಲಿ. ಹನ್ನೊಂದು ವರ್ಷಕ್ಕೆ "ದೊಡ್ಡವರು ಹೇಳಿದ್ದೂ ತಪ್ಪಿರಬಹುದು" ಅಂತ ಗೊತ್ತಾದರೆ ಅವನ ಖುಷಿ ಹೇಗಿರುತ್ತೆ ನೋಡು.

ಲಾಲ್‌ಬಾಗ್ ಬಂಡೆಯೂ ಹಾಗೇ. ಮುನ್ನೂರು ಕೋಟಿ ವರ್ಷದ ಕಲ್ಲು. ಅಭಿ ಅದರ ಮೇಲೆ ಜಾರಿ ಚಡ್ಡಿ ಹರಿದುಕೊಳ್ಳುತ್ತಾನೆ, ಕಾರ್ತಿ ಎಷ್ಟು ಸೊನ್ನೆ ಅಂತ ಎಣಿಸುತ್ತಾನೆ. ಮಾಡಿದ ಕೆಲಸವೆಲ್ಲ ಹಾಲ್‌ನಲ್ಲಿ ದಾರ ಕಟ್ಟಿ ತೂಗುಹಾಕುವುದು, ನಲಿ-ಕಲಿಯ ಚಪ್ಪರದ ಥರ. ಅಪ್ಪನಿಗೆ ತಲೆಗೆ ತಾಗುತ್ತದೆ ಅಂತ ಈಗಲೇ ಗೊಣಗಾಟ.

ಕ್ಯಾಲೆಂಡರ್ ಮಾತ್ರ ನಾನೇ ಯೋಚಿಸಿದ್ದು, ಸ್ವಲ್ಪ ಜಂಬ ಇದೆ ನನಗೆ. ಜನವರಿ-ಡಿಸೆಂಬರ್ ನೋಡದೆ ಪಂಚಾಂಗ ನೋಡಿದೆ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾರೂ ಕರೆಯಲ್ಲ, ಯಾರೂ ಬರಲ್ಲ. ಕಷ್ಟದ ಪಾಠವೆಲ್ಲ ಆ ತಿಂಗಳಿಗೆ. ಶ್ರಾವಣದಲ್ಲಿ ಶುಕ್ರವಾರ ಬಂದರೆ ಅರಿಶಿನ-ಕುಂಕುಮ, ಭಾದ್ರಪದದಲ್ಲಿ ಗೌರಿ-ಗಣೇಶ, ಆ ಎರಡು ತಿಂಗಳು ಓದುವುದು, ಚಿತ್ರ, ಹಾಡು, ಅಡುಗೆಮನೆಯ ಅಳತೆ ತೂಕ. ದಸರಾಗೆ ಪೂರ್ತಿ ರಜೆ, ನಿನ್ನನ್ನು ಬಿಟ್ಟು, ಪಾಪ. ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ. ಅವತ್ತು ಕಾರ್ತಿ ಕೈಗೆ ದುಡ್ಡು ಕೊಟ್ಟು ಸೇರಿನ ಲೆಕ್ಕದಲ್ಲಿ ಕೊಂಡು ತರಲು ಹೇಳಿ, ಮನೆಯಲ್ಲಿ ತೂಕ ಹಾಕಿಸಿ ಕೆಜಿಗೆ ಎಷ್ಟು ಬಿತ್ತು ಕೇಳುತ್ತೇನೆ. ಮತ್ತೆ ಧನುರ್ಮಾಸ. ಆಷಾಢದ ಥರವೇ, ಯಾರೂ ಕರೆಯಲ್ಲ. ಎರಡನೇ ಸುತ್ತಿನ ಗಟ್ಟಿ ಪಾಠ ಆಗ. ವಾರಕ್ಕೆ ನಾಲ್ಕೇ ದಿನ ಪಾಠ ಅಂತ ಬರೆದಿದ್ದೇನೆ, ಐದನೇ ದಿನ ಹೇಗೂ ಏನಾದರೂ ನುಂಗುತ್ತದೆ.

ನೀನು ಮಾಡುತ್ತಿದ್ದದ್ದನ್ನು ಯಾರು ಮಾಡುತ್ತಾರೆ? ತಾತ ಬೆಳಿಗ್ಗೆ ಪೇಪರ್ ಓದುವಾಗ ಕಾರ್ತಿಯನ್ನು ಪಕ್ಕ ಕೂರಿಸಿಕೊಳ್ಳುತ್ತಾರೆ, ಕನ್ನಡ ಅವರದು. ಚಿಕ್ಕಮ್ಮ ಬ್ಯಾಂಕಿನಿಂದ ಬಂದ ಮೇಲೆ ಸಿಂಚನಾಗೆ ಅರ್ಧ ಗಂಟೆ ಮಗ್ಗಿ. ಅವಳು ಸುಸ್ತಾಗಿರುತ್ತಾಳೆ ಅಂತ ನಾನು ಕೇಳಿಯೇ ಇರಲಿಲ್ಲ, ಕೇಳಿದ ತಕ್ಷಣ "ಅಕ್ಕಾ, ನೀವು ಮುಂಚೆನೇ ಹೇಳಬಾರದಿತ್ತಾ" ಅಂದಳು. ಶನಿವಾರದ ಅಡುಗೆ ಅಪ್ಪ. ಉಪ್ಪಿಟ್ಟು ಅಂತ ಈಗಲೇ ಊಹಿಸಿಕೋ. ಕೆಲವು ಪಾಠ ಆಗುವುದೇ ಇಲ್ಲ, ಬಿಟ್ಟೇ ಹೋಗುತ್ತವೆ. ಸಿಂಚನಾಳ ಹಿಂದಿ ಈ ವರ್ಷ ಕೈಬಿಟ್ಟಿದ್ದೇನೆ.

ಪುಟ್ಟ ನಿನ್ನ ಹತ್ತಿರವೇ ಓದುತ್ತೀನಿ ಅಂತ ಹಟ ಮಾಡುತ್ತಾನೆ. ನಿನಗೂ ಅವನಿಗೆ ಹೇಳಿಕೊಡುವುದು ಇಷ್ಟ, ಅದು ನನಗೆ ಗೊತ್ತು. ಮಧ್ಯಾಹ್ನ ಊಟ ಆದಮೇಲೆ ಕಥೆ ಓದು, ನಿನಗೆ ಮನಸ್ಸಿದ್ದ ದಿನ. ಮನಸ್ಸಿಲ್ಲದ ದಿನ "ಇಲ್ಲ" ಅನ್ನು. ನೀನು ಇಲ್ಲ ಅಂದಾಗ ನನ್ನ ಮುಖ ಸಣ್ಣಗಾದರೆ ಅದನ್ನು ನೋಡಬೇಡ, ನನಗೂ ಅಭ್ಯಾಸ ಆಗಬೇಕು.

ಹಳೇ ನೋಟ್‌ಬುಕ್ ಎತ್ತಿಟ್ಟಿದ್ದೇನೆ, ಆ ಆನೆ ಚೆನ್ನಾಗಿದೆ. ಹೊಸದೊಂದು ತಂದು ನಿನ್ನ ಮೇಜಿನ ಮೇಲಿಟ್ಟು, ಮೊದಲ ಪುಟದಲ್ಲಿ ಆ ಮೂರನೇ ಲೆಕ್ಕವನ್ನು ಬರೆದಿದ್ದೇನೆ. ಬಿಡಿಸಲು ನಾನೂ ಕೂತೆ, ಬರಲಿಲ್ಲ.

ಅಜ್ಜಿ ಹತ್ತಿರ ಹಳೇ ನಲಿ-ಕಲಿ ಕಾರ್ಡುಗಳು ಟ್ರಂಕಿನಲ್ಲಿ ಇರಬಹುದು, ಕೇಳಿ ತೆಗೆದುಕೊಂಡು ಬಾ. ಮಸಾಲೆ ಪುಡಿಯನ್ನೂ. ಮೇಲಿನ ರೂಮಿಗೆ ಒಳಗಿನಿಂದ ಚಿಲಕ ಹಾಕಿಸಿದ್ದೇವೆ, ಅಭಿ ಕೈಗೆ ಎಟುಕದಷ್ಟು ಎತ್ತರಕ್ಕೆ.

ನಿನ್ನ,
ಅಮ್ಮ