ಎಕ್ಸಾಮಿಗೆ ಬರಲ್ಲ ಅಂದ್ರೆ ಕೇಳಂಗೇ ಇಲ್ವಾ?

ಮಾನ್ಯ ಸಂಪಾದಕರೇ,

ನಂದು ದಾವಣಗೆರೇಲಿ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತೋ ರಿವೈಂಡಿಂಗ್ ಅಂಗಡಿ, ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ಬೆಳಗಿನ ಜಾವ ಐದಕ್ಕೆ ಮೇಷ್ಟ್ರ ಫೋನ್ ಬರುತ್ತೆ ಹುಡ್ಗ ಎದ್ದನಾ ಅಂತ, ಎಂಟಕ್ಕೆ ಸ್ಪೆಷಲ್ ಕ್ಲಾಸು, ಸಂಜೆ ಆರರ ತನಕ ಸ್ಕೂಲು, ಆಮೇಲೆ ಟ್ಯೂಷನ್ನು, ರಾತ್ರಿ ನಾನು ಬಾಗ್ಲು ಹಾಕೊಂಡು ಬರೋ ಹೊತ್ತಿಗೆ ಪುಸ್ತಕದ ಮೇಲೇ ತಲೆ ಇಟ್ಟು ಮಲಗಿರ್ತಾನೆ. ಮೇಷ್ಟ್ರನ್ನ ಬೈಯಲ್ಲ, 2025ರ ಪರೀಕ್ಷೆ-1ರಲ್ಲಿ ರಾಜ್ಯದಲ್ಲಿ ಮೂರರಲ್ಲೊಬ್ರಂಗೆ ಫೇಲಾದ ಮೇಲೆ ಅವ್ರಿಗೂ ಮೇಲಿಂದ ರಿಸಲ್ಟ್ ರಿಸಲ್ಟ್ ಅಂತ ಕಾಟ ಇದ್ದೇ ಇರುತ್ತೆ.

ಟೆಸ್ಟ್ ಇದ್ದ ದಿನ ಇವನಿಗೆ ಹೊಟ್ಟೆನೋವು. ಮಂಡಕ್ಕಿ ಮಿರ್ಚಿ ತಿಂದು ನಾಟಕ ಆಡ್ತಾನೆ ಅಂತ ಬೈದೆ, ಡಾಕ್ಟ್ರು ನೋಡಿ ಹೊಟ್ಟೇಲಿ ಏನಿಲ್ಲ, ಟೆನ್ಷನ್ನು ಅಂದ್ರು.

ಇದೇ ಹುಡ್ಗ ಭಾನುವಾರ ಅಂಗಡಿಗೆ ಬಂದ್ರೆ ಬೇರೇನೇ. ಹೋದ ತಿಂಗಳು ಜಗಳೂರು ಕಡೆ ರೈತ್ರೊಬ್ರ ಮೋಟರ್ ಸುಟ್ಟು ಬಂದಿತ್ತು, ಹಳೇ ಕಾಯಿಲ್ ಬಿಚ್ಚಿ ಸುತ್ತು ಎಣಿಸು ಅಂತ ಕೂರಿಸಿದೆ, ಎರಡು ತಾಸು ಮೊಬೈಲ್ ಮುಟ್ಟಲಿಲ್ಲ, ಮಧ್ಯೆ ಎಣಿಕೆ ತಪ್ಪಿದಾಗ ಯಾರೂ ಹೇಳದೇನೇ ಮತ್ತೆ ಒಂದರಿಂದ ಶುರು ಮಾಡ್ದ. ಆಮೇಲೆ ಕೇಳ್ದ, ಅಪ್ಪಾ, ಸುತ್ತು ಕಮ್ಮಿ ಹಾಕಿದ್ರೆ ಮೋಟರ್ ಕರೆಂಟೂ ಕಮ್ಮಿ ತಗೋಬೇಕಲ್ವಾ, ಜಾಸ್ತಿ ಎಳೆದು ಸುಡೋದ್ಯಾಕೆ? ಇಪ್ಪತ್ತು ವರ್ಷದಿಂದ ಸುತ್ತುತಾ ಇದೀನಿ, ಸುಡುತ್ತೆ ಅಂತ ಗೊತ್ತು, ಯಾಕೆ ಅಂತ ಹೇಳೋಕೆ ಬರಲಿಲ್ಲ, ಸರ್‌ನ ಕೇಳು ಅಂದೆ. ಕೇಳಿದ್ನಂತೆ. "ಇದು ಎಕ್ಸಾಮಿಗೆ ಬರಲ್ಲ, ಕೂತ್ಕೋ" ಅಂದ್ರಂತೆ. ಹತ್ತನೇ ಕ್ಲಾಸ್ ವಿಜ್ಞಾನದಲ್ಲಿ ವಿದ್ಯುಚ್ಛಕ್ತಿ ಅಂತ ಪಾಠನೇ ಐತಲ್ಲ ಸ್ವಾಮಿ! ಅವತ್ತಿಂದ ಕ್ಲಾಸಲ್ಲಿ ಕೈ ಎತ್ತೋದು ಬಿಟ್ಟವ್ನೆ.

ಒತ್ತಡನೇ ಬೇಡ ಅಂತ ನಾನೂ ಹೇಳಲ್ಲ, ಪರೀಕ್ಷೆ ತಲೆ ಮೇಲೆ ಬಂದಾಗ್ಲೇ ನಾವೂ ಓದಿದ್ದು (ಓದಿಯೂ ಎರಡು ಸಲ ಗಣಿತದಲ್ಲಿ ಡುಮ್ಕಿ ಹೊಡೆದಿದ್ದು ಬೇರೆ ಮಾತು). ನಮ್ಮಣ್ಣನ ಮಗಳು ಬಿ.ಎಡ್ ಓದ್ತಾಳೆ, ಅವಳು ಹೇಳಿದ್ದು, 1908ರಲ್ಲೇ ಯರ್ಕ್ಸ್, ಡಾಡ್ಸನ್ ಅನ್ನೋ ಅಮೆರಿಕದ ಇಬ್ರು ಇಲಿಗಳಿಗೆ ಶಾಕ್ ಕೊಟ್ಟು ಕಲಿಸಿ ನೋಡಿದ್ರಂತೆ, ಕೆಲಸ ಸುಲಭದ್ದಾದ್ರೆ ಶಾಕ್ ಜೋರಾದಷ್ಟೂ ಬೇಗ ಕಲಿತವು, ಕಷ್ಟದ್ದಾದ್ರೆ ಜೋರು ಶಾಕಿಗೆ ಕಲಿಯೋದೇ ನಿಧಾನ ಆಯ್ತಂತೆ. ಪಾಸಾಗೋಕೆ ಸಾಕು ಅಂತ ಕೊಡೋ ಆಯ್ದ ಪ್ರಶ್ನೆಗಳ ಪಾಸಿಂಗ್ ಪ್ಯಾಕೇಜ್ ಉರು ಹೊಡೆಸೋಕೆ ಹೆದರಿಕೆ ನಡೆಯುತ್ತೆ, ಲೆಕ್ಕ ತಲೆಗೆ ಹತ್ತಬೇಕು ಅಂದ್ರೆ ಹುಡ್ಗನಿಗೇ ಬೇಕು ಅನ್ನಿಸ್ಬೇಕು, ಅದನ್ನ ಐದು ಗಂಟೆ ಫೋನಲ್ಲಿ ಎಬ್ಬಿಸೋಕಾಗಲ್ಲ.

2024ರಿಂದ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯೋ ಅವಕಾಶ ಮಾಡವ್ರೆ, ಒಳ್ಳೇದೇ, ಆದ್ರೆ ಮನೇಲಾಗ್ಲಿ ಸ್ಕೂಲಲ್ಲಾಗ್ಲಿ ಆ ಮಾತನ್ನ ಧೈರ್ಯ ತುಂಬೋಕೆ ಯಾರೂ ಆಡಲ್ಲ. ಪ್ರೇಯರ್‌ನಲ್ಲಿ ಕಮ್ಮಿ ಮಾರ್ಕ್ಸ್‌ನವರ ಹೆಸ್ರು ಓದೋದು ಮೊದ್ಲು ನಿಲ್ಲಿಸ್ಲಿ. ಶನಿವಾರ ಒಂದು ಪೀರಿಯಡ್ ಮಕ್ಕಳು ಏನು ಬೇಕಾದ್ರೂ ಕೇಳ್ಲಿ ಅಂತ ಬಿಡ್ಲಿ. ಸುಟ್ಟ ಮೋಟರ್ ಬೇಕಾದ್ರೆ ನಾನೇ ಆಟೋದಲ್ಲಿ ಹಾಕ್ಕೊಂಡು ಬರ್ತೀನಿ, ಆ ಪ್ರಶ್ನೆಗೆ ಉತ್ತರ ನಂಗೂ ಬೇಕಾಗೈತೆ.

– ಒಬ್ಬ ಪಾಲಕ, ದಾವಣಗೆರೆ